ಕ್ರಾಕೋವಿನ ಅರ್ಮಿನ್ ಹುಡುಗಿ ಯಾರ ಸೊತ್ತು?

ಪೋಲೆಂಡಿನ ಕ್ರಾಕೋವ್ ಊರಿನ ಮ್ಯೂಸಿಯಂನಲ್ಲಿ ‘ಅರ್ಮಿನ್ ಹಿಡಿದ ಹುಡುಗಿ’ ಅನ್ನುವ ಚಿತ್ರ ಇದೆ. ಅದರ ಎಡಮೂಲೆಯಲ್ಲಿ, ಮೇಲೆ, ಸಣ್ಣದಾಗಿ ಎರಡು ಸಾಲು ಬರೆದಿದೆ: ‘ಲಾ ಬೆಲೆ ಫೆರೊನಿಯೆರೆ, ಲಿಯೊನಾರ್ಡ್ ದವಿಂಚಿ’. ಎರಡನೇ ಸಾಲು ಸರಿ, ಮೊದಲನೆಯದು ತಪ್ಪು, ಅದು ಬೇರೊಬ್ಬಳ ಹೆಸರು. ಚಿತ್ರದಲ್ಲಿರುವವಳು ಮಿಲಾನಿನ ಚೆಚೀಲಿಯಾ ಗಲ್ಲೆರಾನಿ. ಕೈಯಲ್ಲಿ ಮುಂಗುಸಿಯಂಥ ಬಿಳಿ ಪ್ರಾಣಿ, ಅರ್ಮಿನ್. ಲಿಯೊನಾರ್ಡೊ ಇದನ್ನು 1490ರ ಆಸುಪಾಸಿನಲ್ಲಿ ಅಕ್ರೋಟು ಮರದ ತೆಳು ಹಲಗೆಯ ಮೇಲೆ ಬರೆದ. ಅಕ್ಷರಗಳು ಅವನವಲ್ಲ. ‘ವಿಂಚಿ’ಯ ವಕಾರಕ್ಕೆ ಪೋಲಿಷರು ಬಳಸುವ W ಅಕ್ಷರ ಹಾಕಿದ್ದಾರೆ. ಯಾವ ನಾಡಿನವರ ಕೈ ಆಡಿದೆ ಅಂತ ಅಲ್ಲೇ ಗೊತ್ತಾಗುತ್ತದೆ, ಅಲ್ವಾ?

1800ರ ಹೊತ್ತಿಗೆ ರಾಜಕುಮಾರ ಆಡಂ ಚಾರ್ತೊರಿಸ್ಕಿ ಇಟಲಿಯಲ್ಲಿ ಇದನ್ನು ಕೊಂಡು ತಾಯಿ ಇಜಬೆಲಾಗೆ ಕೊಟ್ಟ. ಆಗ ಪೋಲೆಂಡ್ ಅನ್ನುವ ದೇಶವೇ ನಕಾಶೆಯಲ್ಲಿ ಇರಲಿಲ್ಲ. ಅಂಥ ಕಾಲದಲ್ಲಿ ಈ ತಾಯಿ ಪುವಾವಿ ಅನ್ನುವ ಊರಿನ ತನ್ನ ತೋಟದಲ್ಲಿ ಮ್ಯೂಸಿಯಂ ಕಟ್ಟಿಸಿದಳು. ಮುಂದೆ ದಂಗೆ, ಪ್ಯಾರಿಸ್, ಕ್ರಾಕೋವ್, ಡ್ರೆಸ್ಡೆನ್, ನಾಜಿಗಳ ಲೂಟಿ. 1946ರಲ್ಲಿ ಚಿತ್ರ ವಾಪಸ್ ಬಂತು. ಅದರ ಜೊತೆಗೇ ಲೂಟಿಯಾದ ಇಟಲಿಯ ಚಿತ್ರಕಾರ ರಫಾಯೆಲ್‌ನ ಚಿತ್ರ ಇಂದಿಗೂ ಸಿಕ್ಕಿಲ್ಲ.

ಗೋಜಲು ಶುರುವಾಗುವುದು ಆಮೇಲೆ. ಕಮ್ಯುನಿಸ್ಟರ ಕಾಲದಲ್ಲಿ ಚಾರ್ತೊರಿಸ್ಕಿ ಮನೆತನದ ಸಂಗ್ರಹವನ್ನು ಸರ್ಕಾರವೇ ನೋಡಿಕೊಂಡಿತು. ಮಾಲೀಕರು ಯಾರು ಅನ್ನುವುದನ್ನು ಮಾತ್ರ ಸುಮ್ನೆ ಹಾಗೇ ಬಿಟ್ಟರು. 1991ರಲ್ಲಿ ಆ ಮನೆತನದ ವಾರಸುದಾರನಿಗೆ ಹಕ್ಕು ಸಿಕ್ಕಿತು, ಅವನು ಒಂದು ಫೌಂಡೇಶನ್ ಮಾಡಿ ಅದಕ್ಕೆ ವಹಿಸಿದ. ಚಿತ್ರ ಊರೂರು ತಿರುಗಿತು: ವಾಷಿಂಗ್ಟನ್, ಕ್ಯೋಟೋ, ಲಂಡನ್. ಇಷ್ಟು ಹಳೇ ಮರದ ಹಲಗೆಗೆ ಇಷ್ಟೊಂದು ಓಡಾಟ ಬೇಕಿತ್ತಾ ಅಂತ ಪರಿಣತರು ಗೊಣಗುತ್ತಲೇ ಇದ್ದರು. ಗೊಣಗಿದ್ದರಲ್ಲಿ ತಪ್ಪೇನೂ ಇಲ್ಲ.

2016ರ ಡಿಸೆಂಬರ್ 29ರಂದು, ಹೊಸ ವರ್ಷಕ್ಕೆ ಮೂರೇ ದಿನ ಇರುವಾಗ, ಪೋಲೆಂಡ್ ಸರ್ಕಾರ ಇಡೀ ಸಂಗ್ರಹವನ್ನು 10 ಕೋಟಿ ಯೂರೋಗೆ ಕೊಂಡಿತು. ಇಡೀ ಸಂಗ್ರಹ ಅಂದರೆ ಸಾವಿರಾರು ವಸ್ತುಗಳು, ಒಂದು ದೊಡ್ಡ ಗ್ರಂಥಾಲಯ, ಡಚ್ ಚಿತ್ರಕಾರ ರೆಂಬ್ರಾಂಟನ ಒಂದು ಚಿತ್ರ ಕೂಡ. ಮಾರುಕಟ್ಟೆಯಲ್ಲಿ ಈ ದುಡ್ಡಿಗೆ ಹುಡುಗಿಯ ಚಿತ್ರ ಒಂದೂ ಬರುವುದಿಲ್ಲ. ಹಾಗಾಗಿ ಕೆಲವರು ಲಾಭ ಎಂದರು. ಇನ್ನು ಕೆಲವರದ್ದು ಬೇರೆ ಲೆಕ್ಕ: ಕಾನೂನಿನ ಪ್ರಕಾರ ಇದನ್ನು ಹೊರದೇಶಕ್ಕೆ ಮಾರುವಂತೆಯೇ ಇರಲಿಲ್ಲ, ಹಾಗಿದ್ದ ಮೇಲೆ ಜನರ ದುಡ್ಡು ಯಾಕೆ? ತಮ್ಮನ್ನು ಕೇಳಲೇ ಇಲ್ಲ ಎಂದು ಫೌಂಡೇಶನ್ನಿನ ಮಂಡಳಿ ರಾಜೀನಾಮೆ ಕೊಟ್ಟಿತು. ಬೆಲೆಗಿಂತ ಆ ಅವಸರವೇ ನನಗೆ ಜಾಸ್ತಿ ಕಾಣುತ್ತದೆ. 2018ರಲ್ಲಿ ಆ ಹಣ ಲೀಚ್ಟೆನ್‌ಸ್ಟೈನ್‌ನ ಇನ್ನೊಂದು ಫೌಂಡೇಶನ್ನಿಗೆ ಹೋಗಿದೆ ಅಂತ ಸುದ್ದಿಯಾಗಿ ಜಗಳ ಮತ್ತೆ ಎದ್ದಿತು.

2019ರ ಕೊನೆಗೆ ಕ್ರಾಕೋವಿನ ಮ್ಯೂಸಿಯಂ ರಿಪೇರಿ ಮುಗಿಸಿ ಬಾಗಿಲು ತೆರೆಯಿತು. ಹುಡುಗಿ ಅಲ್ಲೇ ಇದ್ದಾಳೆ, ತಲೆಯ ಪಕ್ಕ ಆ ತಪ್ಪು ಹೆಸರೂ ಇದೆ.