ಬಚ್ಚಲೊಲೆಯ ಪೈಪಿನಿಂದ ಕಪ್ಪು ನೀರು ಸೋರುವುದೇಕೆ?

ಪ್ರಶ್ನೆ: ಮಲೆನಾಡಿನ ಹೆಂಚಿನ ಮನೆ. ಬಚ್ಚಲೊಲೆಗೆ ತಗಡಿನ ಹೊಗೆ ಪೈಪು ಹಾಕಿಸಿದ್ದೇವೆ. ಜೂನ್ ಬಂತೆಂದರೆ ಜಾಯಿಂಟುಗಳಿಂದ ಕಪ್ಪು ನೀರು ಇಳಿದು ಗೋಡೆಯೆಲ್ಲ ಕಲೆ. ಮೇಲಿನ ಟೋಪಿ ಬದಲಿಸಿದರೂ ನಿಂತಿಲ್ಲ. ಏನು ಮಾಡುವುದು?

ಉತ್ತರ: ಮೊದಲು ಅದು ಯಾವ ನೀರೆಂದು ನೋಡಿಕೊಳ್ಳಿ. ಒಲೆ ಆರಿರುವಾಗ ಜೋರು ಮಳೆಯಲ್ಲೂ ಸೋರಿದರೆ ಟೋಪಿಯದೋ, ಹೆಂಚು-ಪೈಪಿನ ಸಂದಿನದೋ ದೋಷ. ಬೆಂಕಿ ಹಚ್ಚಿದ ಮೇಲೆ ಮಾತ್ರ ಸೋರಿ, ಬೆರಳಿಗೆ ಅಂಟಿ, ಘಾಟು ಹೊಡೆದರೆ ಅದು ಸೌದೆಯಿಂದಲೇ ಬಂದ ನೀರು. ನಿಮ್ಮದು ಬಹುಶಃ ಎರಡನೆಯದು.

ಪೂರ್ತಿ ಒಣಗಿದ ಒಂದು ಕೆಜಿ ಕಟ್ಟಿಗೆ ಉರಿದರೂ ಅರ್ಧ ಲೀಟರಿನಷ್ಟು ನೀರು ಆವಿಯಾಗಿ ಹೊರಡುತ್ತದೆ. ಕಟ್ಟಿಗೆಯ ಜಲಜನಕ ಗಾಳಿಯ ಆಮ್ಲಜನಕದೊಡನೆ ಸೇರಿ ಆಗುವ ನೀರು ಅದು. ಶೇ. 20 ತೇವದ 5 ಕೆಜಿ ಸೌದೆಯಿಂದ ಸುಮಾರು 3 ಲೀಟರ್. ಅದರಲ್ಲಿ ನೀರು ಕಳೆದು ಉಳಿಯುವ 4 ಕೆಜಿಯಷ್ಟೇ ಒಣಕಟ್ಟಿಗೆ ಸಿಗಬೇಕೆಂದರೆ, ಅರ್ಧಕ್ಕರ್ಧ ನೀರಿರುವ ಹಸಿ ಸೌದೆ 8 ಕೆಜಿ ಬೇಕು; ಆವಿ 6 ಲೀಟರ್ ದಾಟುತ್ತದೆ. ಅದನ್ನು ಕುದಿಸುವುದಕ್ಕೇ ಉರಿಯ ಒಂದು ಪಾಲು ಖರ್ಚು. ಉಳಿದ ಶಾಖವನ್ನು ಹಂಡೆಯ ತಣ್ಣೀರು ಹೀರುತ್ತದೆ. ಹೊಗೆ ತಣ್ಣಗಾಗಿ, ಪೈಪಿನ ಗೋಡೆ 50-60 ಡಿಗ್ರಿಗಿಂತ ಕೆಳಗಿಳಿದರೆ ಆವಿ ಹನಿಯಾಗುತ್ತದೆ, ಇಲ್ಲಣ (ಹೊಗೆಯಿಂದ ಕಟ್ಟಿದ ಮಸಿ) ತೊಳೆದುಕೊಂಡು ಇಳಿಯುತ್ತದೆ. ಈ ನೀರು ಆಮ್ಲೀಯ. ತಗಡು ಬೇಗ ತೂತಾಗುವುದೂ ಇದರಿಂದಲೇ.

ಇನ್ನು ಜಾಯಿಂಟು. ಹೊಗೆ ಹೊರಗೆ ಬಂದೀತೆಂದು ಕೆಳಗಿನ ಪೈಪನ್ನು ಮೇಲಿನದರ ಒಳಗೆ ತೂರಿಸುವವರೇ ಹೆಚ್ಚು. ಅದು ತಿರುಗುಮುರುಗು! ಪೈಪು ಹೊಗೆಯನ್ನು ಮೇಲಕ್ಕೆ ಸರಿಯಾಗಿ ಎಳೆಯುತ್ತಿದ್ದರೆ ಸಂದಿನಿಂದ ಗಾಳಿ ಒಳಕ್ಕೇ ಹೋಗುತ್ತದೆ. ಮೇಲಿನ ಪೈಪಿನ ತುದಿ ಕೆಳಗಿನದರ ಒಳಗೆ ಎರಡು ಇಂಚಾದರೂ ಇಳಿದಿರಲಿ. ಹನಿ ಒಳಗೊಳಗೇ ಇಳಿದು ಒಲೆಗೆ ಸೇರುತ್ತದೆ. ಬಿಚ್ಚಿ ತಿರುಗಿಸಿ ಕೂರಿಸುವ ಕೂಲಿಯಷ್ಟೇ ಖರ್ಚು. ಸಂದಿಗೆ ಸಿಮೆಂಟು ಮೆತ್ತಿದರೆ ಕಾಯ್ದು ಬಿರಿಯುತ್ತದೆ.

ಸೋರುವುದು ನಿಂತರೂ ಇಲ್ಲಣ ಕಟ್ಟುವುದು ನಿಲ್ಲದು. ಅದಕ್ಕೆ ಸೌದೆ ಮುಖ್ಯ. ಬೇಸಿಗೆ ಶುರುವಾಗುವ ಮೊದಲೇ ಸೀಳಿ, ಮೇಲೆ ಮಾತ್ರ ಮುಚ್ಚಿ, ಬದಿಗಳಲ್ಲಿ ಗಾಳಿಯಾಡುವಂತೆ ಒಟ್ಟಿ. ಒಂದೆರಡು ತುಂಡು ಗುರುತಿಟ್ಟು ವಾರಕ್ಕೊಮ್ಮೆ ತಕ್ಕಡಿಗೆ ಹಾಕಿ. ತೂಕ ಇಳಿಯುವುದು ನಿಂತಾಗ ಒಣಗಿದೆ ಎಂದರ್ಥ. ಉರಿವಾಗ ತುದಿಯಲ್ಲಿ ನೊರೆ ಬಂದರೆ ಇನ್ನೂ ಹಸಿ. ಬೆಳಿಗ್ಗೆ ಮೊದಲ ಹದಿನೈದು ನಿಮಿಷ ಒಣ ಕಾಯಿಸಿಪ್ಪೆ, ಸಣ್ಣ ಪುಳ್ಳೆ ಹಾಕಿ ಜೋರಾಗಿ ಉರಿಸಿ ಪೈಪು ಬಿಸಿ ಮಾಡಿ, ಆಮೇಲೆ ಕುಂಟೆ (ದಪ್ಪ ಕಟ್ಟಿಗೆ) ಇಡಿ. ರಾತ್ರಿ ಹಸಿ ಕುಂಟೆ ತುರುಕಿ ಹೊಗೆಯಾಡಲು ಬಿಡುವುದು ಎಲ್ಲಕ್ಕಿಂತ ಕೆಟ್ಟದ್ದು.

ಟೋಪಿಗೂ ಪೈಪಿನ ಬಾಯಿಗೂ ನಡುವೆ ಪೈಪಿನ ಅರ್ಧ ವ್ಯಾಸದಷ್ಟು ಸಂದಿರಲಿ: 4 ಇಂಚಿನ ಪೈಪಿಗೆ 2 ಇಂಚು. ಮಾಡಿನ ಮರದ ಪಕಾಸು, ರೀಪುಗಳಿಂದ ತಗಡಿನ ಪೈಪು ಒಂದೂವರೆ ಅಡಿ ದೂರವಿರಬೇಕು, ಯಾಕೆಂದರೆ ಒಳಗೆ ಕಟ್ಟಿದ ಇಲ್ಲಣ ಒಂದು ದಿನ ಹೊತ್ತಿಕೊಂಡರೆ ಪೈಪು ಕೆಂಪಗಾಗುತ್ತದೆ. ಮಳೆಗಾಲಕ್ಕೆ ಮುಂಚೆ ಒಮ್ಮೆ, ನಡುವೆ ಒಮ್ಮೆ, ಬಿದಿರಿನ ತುದಿಗೆ ಗೋಣಿಚೀಲ ಬಿಗಿದು ಮೇಲಿಂದ ಉಜ್ಜಿಸಿ. ಹಳೆಯ ಆಸ್ಬೆಸ್ಟಾಸ್ ಪೈಪಾದರೆ ಉಜ್ಜಬೇಡಿ, ಬದಲಿಸಿ.