ಸಂಗೀತವೋ, ಬರೀ ಸದ್ದೋ: ಟೇಪಿನ ಮೇಲೆ ಸ್ವರ ಕಟ್ಟಿದವರ ಹೆಸರಿನ ಜಗಳ

2013ರ ನವೆಂಬರ್ 23ರಂದು ಬಿಬಿಸಿ ಕಾಲಯಾನದ ಕಥೆಗಳ ತನ್ನ ‘ಡಾಕ್ಟರ್ ಹೂ’ ಧಾರಾವಾಹಿಯ ಐವತ್ತನೇ ವರ್ಷದ ವಿಶೇಷ ಸಂಚಿಕೆಯನ್ನು ಪ್ರಸಾರ ಮಾಡಿತು. ಪರದೆಯ ಮೇಲೆ ಸರಿದುಹೋದ ಹೆಸರುಗಳಲ್ಲಿ ಶೀರ್ಷಿಕೆ ಸಂಗೀತಕ್ಕೆ ಸಂಬಂಧಿಸಿದಂತೆ ಸಂಯೋಜಕ ರಾನ್ ಗ್ರೇನರ್ ಜೊತೆಗೆ ಡೀಲಿಯಾ ಡರ್ಬಿಶೈರ್ ಎಂಬ ಹೆಸರೂ ಇತ್ತು. 1963ರಲ್ಲಿ ಆ ಸಂಗೀತವನ್ನು ಟೇಪಿನ ಮೇಲೆ ಕಟ್ಟಿದವರು ಅವರೇ. ಧಾರಾವಾಹಿಯಲ್ಲಿ ಹೆಸರು ಕಾಣಿಸುವ ಹೊತ್ತಿಗೆ ಅವರು ತೀರಿಕೊಂಡು ಹನ್ನೆರಡು ವರ್ಷಗಳಾಗಿದ್ದವು.

ಪ್ರತಿಭಾವಂತ ಹೆಣ್ಣುಮಗಳೊಬ್ಬಳಿಗೆ ಆದ ಅನ್ಯಾಯ ಎಂದು ಈ ಕಥೆಯನ್ನು ಹೇಳಿ ಮುಗಿಸುವುದು ರೂಢಿ. ಅನ್ಯಾಯ ಆದದ್ದು ನಿಜ. ಆದರೆ ಅದನ್ನು ಮಾಡಿದವರು ಯಾರು ಎಂದು ಹುಡುಕಲು ಹೊರಟರೆ ಖಳನಾಯಕ ಯಾರೂ ಕೈಗೆ ಸಿಗುವುದಿಲ್ಲ. ಸಿಗುವುದು ಒಂದು ಕಚೇರಿ ಪದ್ಧತಿ. ಕಾಗದದ ಮೇಲೆ ಸ್ವರ ಬರೆದವರು ಸಂಯೋಜಕರು, ಯಂತ್ರದ ಮುಂದೆ ಕೂತವರು ಸಂಬಳದ ಸಿಬ್ಬಂದಿ ಎಂಬ ವಿಂಗಡಣೆ. ಟೆಲಿವಿಷನ್ನಿಗಾಗಿ ಎಲೆಕ್ಟ್ರಾನಿಕ್ ಸಂಗೀತ ರಚಿಸಿದವರ ಇತಿಹಾಸವೆಲ್ಲ ಈ ಗೆರೆಯ ಸುತ್ತಲೇ ಸುತ್ತುತ್ತದೆ.

ಗೆರೆ ಎಳೆದದ್ದು ಆರಂಭದಲ್ಲೇ. ಪ್ಯಾರಿಸ್ಸಿನಲ್ಲಿ ಪಿಯರ್ ಷೇಫರ್ 1948ರಿಂದ ರೈಲಿನ ಸದ್ದು, ಪಾತ್ರೆಯ ಸದ್ದುಗಳನ್ನೇ ಜೋಡಿಸಿ ಸಂಗೀತ ಮಾಡುತ್ತಿದ್ದರು. ಜರ್ಮನಿಯ ಕಲೋನ್ ನಗರದ ರೇಡಿಯೊ ಕೇಂದ್ರದಲ್ಲಿ ಶುದ್ಧ ವಿದ್ಯುತ್ ಸ್ವರಗಳ ಪ್ರಯೋಗ ನಡೆದಿತ್ತು. ಎರಡೂ ಕಡೆ ಅದಕ್ಕೆ ಸಂಗೀತವೆಂದೇ ಮಾನ್ಯತೆ. ಬ್ರಿಟನ್ನಿನಲ್ಲಿ ಹಾಗಾಗಲಿಲ್ಲ. ಬಿಬಿಸಿಯ ಸಂಗೀತ ವಿಭಾಗಕ್ಕೆ ಇದು ಬೇಕಿರಲಿಲ್ಲ. ನಾಟಕ ವಿಭಾಗಕ್ಕೆ ಬೇಕಿತ್ತು. ರೇಡಿಯೊ ನಾಟಕಗಳಲ್ಲಿ ಕನಸು, ಭ್ರಮೆ, ಹುಚ್ಚು ಇವನ್ನೆಲ್ಲ ಕೇಳಿಸಬೇಕಾದರೆ ಪಿಟೀಲು ಸಾಲದು ಎಂಬ ಹಂತ ಬಂದಿತ್ತು. ಬಿಬಿಸಿ ಸಿಬ್ಬಂದಿಯೇ ಆಗಿದ್ದ ಡೆಸ್ಮಂಡ್ ಬ್ರಿಸ್ಕೊ ಮತ್ತು ಡ್ಯಾಫ್ನಿ ಓರಮ್ ಬೆನ್ನು ಬಿದ್ದು ಕೇಳಿದ್ದರ ಫಲವಾಗಿ 1958ರ ಏಪ್ರಿಲ್ 1ರಂದು ಲಂಡನ್ನಿನ ಮೇಡ ವೇಲ್ ಸ್ಟುಡಿಯೊದ 13ನೇ ಕೋಣೆಯಲ್ಲಿ ‘ರೇಡಿಯೊಫೋನಿಕ್ ವರ್ಕ್‌ಶಾಪ್’ ಶುರುವಾಯಿತು. ಕಟ್ಟಡ ಒಂದು ಕಾಲಕ್ಕೆ ಸ್ಕೇಟಿಂಗ್ ಅಂಗಳವಾಗಿತ್ತು. ಉಪಕರಣಗಳಲ್ಲಿ ಬಹುಪಾಲು ಬೇರೆ ವಿಭಾಗಗಳು ಬಿಟ್ಟುಕೊಟ್ಟ ಹಳೆಯವು. ಎಂಜಿನಿಯರುಗಳು ಪರೀಕ್ಷೆಗೆಂದು ಬಳಸುವ, ವಿದ್ಯುತ್ತಿನಿಂದ ಸ್ವರ ಹೊರಡಿಸುವ ಆಸಿಲೇಟರುಗಳೇ ಅಲ್ಲಿ ವಾದ್ಯಗಳಾದವು.

ಅದು ಸ್ಟುಡಿಯೊ ಎನಿಸಿಕೊಳ್ಳಲಿಲ್ಲ, ವರ್ಕ್‌ಶಾಪ್ ಎನಿಸಿಕೊಂಡಿತು. ಅಲ್ಲಿದ್ದವರು ಸಂಗೀತಗಾರರ ಹುದ್ದೆಯಲ್ಲಿ ಇರಲಿಲ್ಲ, ಸ್ಟುಡಿಯೊ ಸಿಬ್ಬಂದಿಯಾಗಿದ್ದರು. ಇಂಥ ಸದ್ದುಗಳ ನಡುವೆ ಹೆಚ್ಚು ಕಾಲ ಇದ್ದರೆ ತಲೆ ಕೆಡುತ್ತದೆಂಬ ಆತಂಕದಿಂದ ಕೆಲವೇ ತಿಂಗಳಿಗೆ ಸಿಬ್ಬಂದಿಯನ್ನು ಬದಲಿಸಬೇಕೆಂಬ ವಿಚಾರವೂ ಆಗ ಇತ್ತಂತೆ! ಇದೊಂದು ಸ್ವತಂತ್ರ ಸಂಗೀತ ಕೇಂದ್ರವಾಗಬೇಕೆಂದು ಓರಮ್ ಬಯಸಿದ್ದರು. ನಾಟಕಕ್ಕೆ ಗುಡುಗು, ಗಾಳಿ ಒದಗಿಸುವ ಜಾಗವಾಗಿಯೇ ಅದು ಉಳಿಯುತ್ತದೆಂದು ಖಚಿತವಾದಾಗ 1959ರಲ್ಲೇ ಬಿಟ್ಟು ಹೊರಟರು. ಕೆಂಟ್‌ನಲ್ಲಿ ಸ್ವಂತ ಸ್ಟುಡಿಯೊ ಕಟ್ಟಿಕೊಂಡು, ಫಿಲ್ಮಿನ ಮೇಲೆ ಎಳೆದ ಗೆರೆಗಳನ್ನು ಸ್ವರವಾಗಿಸುವ ಯಂತ್ರವೊಂದನ್ನು ರೂಪಿಸಿದರು.

ಅಮೆರಿಕದ ಉದಾಹರಣೆ ಇನ್ನೂ ಒರಟು. 1956ರ ‘ಫರ್ಬಿಡನ್ ಪ್ಲಾನೆಟ್’ ಚಿತ್ರದ ಇಡೀ ಹಿನ್ನೆಲೆ ಧ್ವನಿಯನ್ನು ಲೂಯಿ ಮತ್ತು ಬೀಬಿ ಬ್ಯಾರನ್ ದಂಪತಿ ತಾವೇ ಕಟ್ಟಿದ ಸರ್ಕಿಟ್‌ಗಳಿಂದ ತೆಗೆದರು. ವಾದ್ಯಗಾರರ ಸಂಘದ ತಕರಾರಿಗೆ ಹೆದರಿ ಚಿತ್ರದಲ್ಲಿ ‘ಸಂಗೀತ’ ಎಂಬ ಪದವನ್ನೇ ಹಾಕಲಿಲ್ಲ, ‘ಎಲೆಕ್ಟ್ರಾನಿಕ್ ಟೊನ್ಯಾಲಿಟೀಸ್’ ಎಂದು ಹಾಕಿದರು.

ಡರ್ಬಿಶೈರ್ 1937ರಲ್ಲಿ ಕೊವೆಂಟ್ರಿಯಲ್ಲಿ ಹುಟ್ಟಿದವರು. ಯುದ್ಧಕಾಲದಲ್ಲಿ ಊರಿನ ಮೇಲೆ ಬಾಂಬು ಬೀಳುವಾಗ ಕೂಗುತ್ತಿದ್ದ ಸೈರನ್‌ಗಳೇ ತಾವು ಕೇಳಿದ ಮೊದಲ ಎಲೆಕ್ಟ್ರಾನಿಕ್ ಸಂಗೀತ ಎಂಬರ್ಥದ ಮಾತನ್ನು ಅವರು ಮುಂದೆ ಹೇಳಿದ್ದರು. ಕೇಂಬ್ರಿಜ್‌ನ ಗರ್ಟನ್ ಕಾಲೇಜಿನಲ್ಲಿ ಗಣಿತ ಮತ್ತು ಸಂಗೀತ ಓದಿದರು. ಕೆಲಸ ಕೇಳಿಕೊಂಡು ಡೆಕ್ಕಾ ರೆಕಾರ್ಡ್ ಕಂಪನಿಗೆ ಹೋದಾಗ, ಧ್ವನಿಮುದ್ರಣ ಸ್ಟುಡಿಯೊದಲ್ಲಿ ಹೆಂಗಸರನ್ನು ತೆಗೆದುಕೊಳ್ಳುವುದಿಲ್ಲ ಎಂಬ ಉತ್ತರ ಸಿಕ್ಕಿತು. 1960ರಲ್ಲಿ ಬಿಬಿಸಿ ಸೇರಿ, 1962ರಲ್ಲಿ ವರ್ಕ್‌ಶಾಪ್‌ಗೆ ಬಂದರು. ಮರುವರ್ಷ ಅವರ ಮೇಜಿಗೆ ಬಂದದ್ದು ರಾನ್ ಗ್ರೇನರ್ ಬರೆದ ಒಂದೇ ಒಂದು ಹಾಳೆ.

ಆಸ್ಟ್ರೇಲಿಯಾದ ಗ್ರೇನರ್ ಆ ಹೊತ್ತಿಗೆ ಟೆಲಿವಿಷನ್ ಸಂಗೀತದಲ್ಲಿ ಹೆಸರು ಮಾಡಿದ್ದವರು. ಹಾಳೆಯಲ್ಲಿ ರಾಗದ ಸಾಲು ಇತ್ತು, ಕೆಳಸ್ಥಾಯಿಯ ಓಟ ಇತ್ತು. ಯಾವ ವಾದ್ಯ ನುಡಿಸಬೇಕು ಎಂದು ಬರೆಯಬೇಕಾದ ಕಡೆ ಗಾಳಿಯ ಗುಳ್ಳೆ, ಮೋಡ ಎಂಬಂಥ ಸೂಚನೆಗಳಿದ್ದವು. ಮೋಡವನ್ನು ನುಡಿಸುವುದು ಹೇಗೆಂಬುದು ಡರ್ಬಿಶೈರ್ ತಲೆನೋವು.

ಆಗ ಅಲ್ಲಿ ಸಿಂಥೆಸೈಸರ್, ಅಂದರೆ ಬಗೆಬಗೆಯ ಸ್ವರಗಳನ್ನು ತಾನೇ ಹುಟ್ಟಿಸುವ ಎಲೆಕ್ಟ್ರಾನಿಕ್ ವಾದ್ಯ, ಇರಲಿಲ್ಲ. ಹಲವು ಟ್ರ್ಯಾಕುಗಳ ಟೇಪ್ ಯಂತ್ರವೂ ಇರಲಿಲ್ಲ. ಕೆಳಸ್ಥಾಯಿಯ ಆ ಕುದುರೆ ಓಟಕ್ಕೆ ಮೂಲ ಒಂದು ತಂತಿಯ ಒಂದೇ ಮೀಟು. ಅದನ್ನು ಮುದ್ರಿಸಿಕೊಂಡು, ಟೇಪಿನ ವೇಗ ಹೆಚ್ಚು ಕಡಿಮೆ ಮಾಡಿ ಬೇರೆ ಬೇರೆ ಶ್ರುತಿಗಳಲ್ಲಿ ಪ್ರತಿ ತೆಗೆದು, ಬೇಕಾದ ಸ್ವರವನ್ನು ಬೇಕಾದಷ್ಟೇ ಉದ್ದಕ್ಕೆ ಬ್ಲೇಡಿನಿಂದ ಕತ್ತರಿಸಿ, ಒಂದರ ಬಾಲಕ್ಕೆ ಇನ್ನೊಂದನ್ನು ಅಂಟಿಸುತ್ತಾ ಹೋಗಬೇಕು. ಸೆಕೆಂಡಿಗೆ 15 ಇಂಚು ಓಡುವ ಟೇಪಿನಲ್ಲಿ ಅರ್ಧ ಸೆಕೆಂಡಿನ ಸ್ವರವೆಂದರೆ ಏಳೂವರೆ ಇಂಚಿನ ತುಂಡು. ಲಯ ಇರುವುದು ಅಳತೆಪಟ್ಟಿಯಲ್ಲಿ. ಮೇಲಿನ ರಾಗದ ಜಾರುವ ಸ್ವರಗಳಿಗೆ ಆಸಿಲೇಟರಿನ ಗುಂಡಿಯನ್ನು ಕೈಯಿಂದ ತಿರುಗಿಸಿದರು. ಮೋಡಗಳು ಬಂದದ್ದು ಸೋಸಿದ ಬಿಳಿಗದ್ದಲದಿಂದ, ಅಂದರೆ ಎಲ್ಲ ಶ್ರುತಿಗಳೂ ಬೆರೆತ ‘ಶ್’ ಎಂಬ ಸದ್ದಿನಿಂದ. ನಮ್ಮಲ್ಲಿ ಗಮಕ ಎನ್ನುವುದನ್ನು ಅವರು ಗುಂಡಿ ತಿರುಗಿಸಿ ಸಾಧಿಸಿದರು ಎನ್ನಬಹುದೇನೋ. ಹೀಗೆ ಸಿದ್ಧವಾದ ಟೇಪುಗಳನ್ನು ಬೇರೆ ಬೇರೆ ಯಂತ್ರಗಳಿಗೆ ಹಾಕಿ, ಒಟ್ಟಿಗೇ ಚಾಲೂ ಮಾಡಿ, ಒಂದಾಗಿ ಬೆರೆಸಬೇಕಿತ್ತು. ಎಲ್ಲೋ ಒಂದು ಸ್ವರ ತಾಳ ತಪ್ಪಿತು. ಯಾವುದೆಂದು ಕಿವಿಗೆ ಸಿಗಲಿಲ್ಲ. ಡರ್ಬಿಶೈರ್ ಮತ್ತು ಸಹಾಯಕ ಡಿಕ್ ಮಿಲ್ಸ್ ಟೇಪುಗಳನ್ನು ಮೇಡ ವೇಲ್‌ನ ಉದ್ದನೆಯ ಪಡಸಾಲೆಯಲ್ಲಿ ಅಕ್ಕಪಕ್ಕ ಬಿಚ್ಚಿ ಹಾಸಿ, ಅಂಟಿಸಿದ ಜಾಗಗಳು ಎಲ್ಲಿ ಒಂದಕ್ಕೊಂದು ಹೊಂದುತ್ತಿಲ್ಲವೆಂದು ಕಣ್ಣಿನಿಂದ ನೋಡಿ ತಪ್ಪು ಹಿಡಿದರು.

ಮುಗಿದ ಮೇಲೆ ಗ್ರೇನರ್ ಕೇಳಿ ಬೆರಗಾಗಿ, ‘ಇದನ್ನು ನಾನು ಬರೆದೆನೇ?’ ಎಂದರಂತೆ. ‘ಬಹುಪಾಲು’ ಎಂದು ಡರ್ಬಿಶೈರ್ ಉತ್ತರಿಸಿದರಂತೆ. ಈ ಮಾತುಕತೆಯನ್ನು ಎಲ್ಲರೂ ತಮಾಷೆಯಾಗಿ ಉಲ್ಲೇಖಿಸುತ್ತಾರೆ. ನನಗೆ ಇದು ತಮಾಷೆಗಿಂತ ನಿಖರವಾದ ಲೆಕ್ಕದಂತೆ ಕಾಣುತ್ತದೆ. ಗಣಿತ ಓದಿದವರ ಉತ್ತರ ಅದು. ರಾಗ ಗ್ರೇನರ್ ಅವರದ್ದೇ. ಆದರೆ ಆ ಹಾಳೆಯನ್ನು ಪಿಯಾನೊ ಮೇಲೆ ನುಡಿಸಿದರೆ ಯಾರ ಮೈಯೂ ಜುಮ್ಮೆನ್ನುವುದಿಲ್ಲ. ಗ್ರೇನರ್ ಇದನ್ನು ಬಲ್ಲವರಾಗಿದ್ದರು. ಸಹ-ಸಂಯೋಜಕಿ ಎಂದು ಹೆಸರು ಹಾಕಿ, ರಾಯಧನದಲ್ಲಿ ಪಾಲು ಕೊಡಿಸಲು ಅವರೇ ಮುಂದಾದರು. ಬಿಬಿಸಿ ಒಪ್ಪಲಿಲ್ಲ. ವರ್ಕ್‌ಶಾಪ್ ಸಿಬ್ಬಂದಿಯ ಹೆಸರು ಬಿಡಿಯಾಗಿ ಬರುವಂತಿಲ್ಲ, ವಿಭಾಗದ ಹೆಸರು ಬಂದರೆ ಸಾಕು ಎಂಬುದು ನಿಯಮ. ಪರದೆಯಲ್ಲಿ ಬಂದದ್ದು ಗ್ರೇನರ್ ಹೆಸರು, ಜೊತೆಗೆ ರೇಡಿಯೊಫೋನಿಕ್ ವರ್ಕ್‌ಶಾಪ್ ಎಂಬ ಹೆಸರು.

ಈ ನಿಯಮದಿಂದ ಒಂದು ಲಾಭವೂ ಇತ್ತೆಂದು ಒಪ್ಪಿಕೊಳ್ಳಬೇಕು. ತಿಂಗಳ ಸಂಬಳ ಬರುತ್ತಿದ್ದ ಕಾರಣಕ್ಕೆ, ಸದ್ದೊಂದರ ಹಿಂದೆ ದಿನಗಟ್ಟಲೆ ಬೀಳಲು ಅವರಿಗೆ ಸಾಧ್ಯವಾಯಿತು. ವರ್ಕ್‌ಶಾಪ್‌ನ ಸಹೋದ್ಯೋಗಿ ಬ್ರಯಾನ್ ಹಾಜ್ಸನ್ ತಮ್ಮ ತಾಯಿಯ ಮನೆಯ ಬೀಗದ ಕೈಯಿಂದ ಹಳೆಯ ಪಿಯಾನೊದ ದಪ್ಪ ತಂತಿಯನ್ನು ಗೀಚಿ, ಅದರಿಂದ ‘ಡಾಕ್ಟರ್ ಹೂ’ ಕಥೆಯ ಕಾಲಯಾನದ ಪೆಟ್ಟಿಗೆಯ ಏದುಸಿರನ್ನು ಸೃಷ್ಟಿಸಿದರು. ಡರ್ಬಿಶೈರ್‌ಗೆ ಪ್ರಿಯವಾದ ವಾದ್ಯ ಒಂದು ಹಸಿರು ತಗಡಿನ ಲ್ಯಾಂಪ್‌ಶೇಡ್. ಸಹಾರಾದ ತುವಾರೆಗ್ ಜನರ ಕುರಿತ ಸಾಕ್ಷ್ಯಚಿತ್ರಕ್ಕಾಗಿ ಅದನ್ನು ತಟ್ಟಿ ಮುದ್ರಿಸಿಕೊಂಡು, ತಟ್ಟಿದ ಪೆಟ್ಟನ್ನು ಕತ್ತರಿಸಿ ಎಸೆದು, ಉಳಿದ ಗುಂಯ್‌ಗುಡುವಿಕೆಯಲ್ಲಿ ಯಾವ ಯಾವ ಸ್ವರಾಂಶಗಳಿವೆಯೆಂದು ವಿಶ್ಲೇಷಿಸಿ, ಅವನ್ನೇ ಆಸಿಲೇಟರುಗಳಿಂದ ಮತ್ತೆ ಕಟ್ಟಿದರು. ಒಂಟೆಯ ಗೊರಸಿನ ಸಪ್ಪಳಕ್ಕೆ ತಮ್ಮ ದನಿಯನ್ನೇ ತುಂಡರಿಸಿ ಬಳಸಿದರು. ಹಾಜ್ಸನ್ ಮಾಡಿದ್ದು ‘ಎಫೆಕ್ಟ್’, ಇದು ‘ಸಂಗೀತ’ ಎಂದು ಬೇರ್ಪಡಿಸುವುದು ಯಾವ ನ್ಯಾಯದಿಂದ? ಇಬ್ಬರೂ ಬಳಸಿದ್ದು ಅದೇ ಬ್ಲೇಡು, ಅದೇ ಟೇಪು.

ಹೆಸರಿನ ಹಸಿವು ಬೇರೆ ದಾರಿ ಹುಡುಕಿಕೊಂಡಿತು. ಡರ್ಬಿಶೈರ್ ಮತ್ತು ಹಾಜ್ಸನ್ ಕಾರ್ಯಕ್ರಮಗಳಿಗೆ ಸಿದ್ಧ ಸಂಗೀತ ಒದಗಿಸುವ ಹೊರಗಿನ ‘ಲೈಬ್ರರಿ ಸಂಗೀತ’ ಸಂಸ್ಥೆಯೊಂದಕ್ಕೆ ತುಣುಕುಗಳನ್ನು ಮಾಡಿಕೊಟ್ಟರು. ಬಿಬಿಸಿ ನೌಕರರಾದ್ದರಿಂದ ಅಲ್ಲಿ ಗುಪ್ತನಾಮ: ಆಕೆ ‘ಲಿ ಡೆ ಲಾ ರೂಸ್’, ಆತ ‘ನಿಕ್ಕಿ ಸೇಂಟ್ ಜಾರ್ಜ್’. ಆ ತುಣುಕುಗಳು 1970ರ ದಶಕದಲ್ಲಿ ಪ್ರತಿಸ್ಪರ್ಧಿ ವಾಹಿನಿ ಐಟಿವಿಯ ‘ದಿ ಟುಮಾರೋ ಪೀಪಲ್’ ಮಕ್ಕಳ ಧಾರಾವಾಹಿಯಲ್ಲಿ ಬಳಕೆಯಾದವು. ಒಂದು ವಾಹಿನಿಯಲ್ಲಿ ಹೆಸರೇ ಇಲ್ಲ, ಇನ್ನೊಂದರಲ್ಲಿ ಸುಳ್ಳು ಹೆಸರು.

ಪರಿಸ್ಥಿತಿ ಬದಲಾದದ್ದು ಸಿಂಥೆಸೈಸರ್ ಬಂದ ಮೇಲೆ. ಗೋಡೆಯಷ್ಟಗಲದ ಸಿಂಥಿ 100 ಯಂತ್ರ ಮೇಡ ವೇಲ್ ಸೇರಿತು. ಸ್ಟುಡಿಯೊ ಇದ್ದ ಡೆಲವೇರ್ ರಸ್ತೆಯಿಂದ ಅದಕ್ಕೆ ‘ಡೆಲವೇರ್’ ಎಂದೇ ಅಡ್ಡಹೆಸರು ಬಿತ್ತು. 1972ರಲ್ಲಿ ಮಾಲ್ಕಂ ಕ್ಲಾರ್ಕ್ ಅದರಿಂದ ‘ಡಾಕ್ಟರ್ ಹೂ’ ಧಾರಾವಾಹಿಯ ಒಂದು ಇಡೀ ಕಥೆಗೆ ಕರ್ಕಶವಾದ, ಇಂದಿಗೂ ಜನ ವಾದಿಸುವ ಹಿನ್ನೆಲೆ ಸಂಗೀತ ಕೊಟ್ಟರು. 1980ರಲ್ಲಿ ಪೀಟರ್ ಹೋವೆಲ್ ಶೀರ್ಷಿಕೆ ಸಂಗೀತವನ್ನು ಹೊಸದಾಗಿ ಕಟ್ಟಿದರು. ಆ ದಶಕದಲ್ಲಿ ಪ್ಯಾಡಿ ಕಿಂಗ್ಸ್‌ಲ್ಯಾಂಡ್, ರೋಜರ್ ಲಿಂಬ್ ಮುಂತಾದ ವರ್ಕ್‌ಶಾಪ್ ಮಂದಿಯ ಹೆಸರುಗಳು ಹಿನ್ನೆಲೆ ಸಂಗೀತಕ್ಕೆ ರಾಜಾರೋಷವಾಗಿ ಬರತೊಡಗಿದವು. 1984ರ ‘ದಿ ಲಿವಿಂಗ್ ಪ್ಲಾನೆಟ್’ ಸರಣಿಗೆ ಸಂಗೀತ ನೀಡಿದ ಎಲಿಜಬೆತ್ ಪಾರ್ಕರ್ ಸಂಯೋಜಕಿ ಎಂದೇ ಗುರುತಾದರು. ನನ್ನ ಅನುಮಾನ ಇಷ್ಟು: ಬಿಬಿಸಿಯ ಮನಸ್ಸನ್ನು ಬದಲಿಸಿದ್ದರಲ್ಲಿ ಕೀಬೋರ್ಡಿನ ಪಾಲೂ ಇದೆ. ಕಪ್ಪು-ಬಿಳಿ ಮನೆಗಳ ಮುಂದೆ ಕೂತವರು ನೋಡುವವರಿಗೆ ಸಂಗೀತಗಾರರಂತೆ ಕಾಣುತ್ತಾರೆ. ಕತ್ತರಿಸಿ ಅಂಟಿಸುವವರು ಹಾಗೆ ಕಾಣುವುದಿಲ್ಲ. ಡರ್ಬಿಶೈರ್‌ಗೆ ಆ ಸಿದ್ಧ ಸ್ವರಗಳು ರುಚಿಸಲಿಲ್ಲ. 1973ರಲ್ಲೇ ಬಿಬಿಸಿ ಬಿಟ್ಟಿದ್ದರು.

ವರ್ಕ್‌ಶಾಪ್ ಮುಚ್ಚಿದ್ದು ಲೆಕ್ಕಪತ್ರದ ಕಾರಣಕ್ಕೆ. ಜಾನ್ ಬರ್ಟ್ ಬಿಬಿಸಿಯ ಮಹಾನಿರ್ದೇಶಕರಾಗಿದ್ದಾಗ ಪ್ರತಿ ವಿಭಾಗವೂ ತನ್ನ ಖರ್ಚನ್ನು ತಾನೇ ದುಡಿದುಕೊಳ್ಳಬೇಕೆಂಬ ಪದ್ಧತಿ ಬಂತು. ಮನೆಯಲ್ಲೇ ಕಂಪ್ಯೂಟರ್ ಇಟ್ಟುಕೊಂಡ ಹೊರಗಿನ ಸಂಯೋಜಕರು ಅಗ್ಗವಾಗಿದ್ದರು. 1998ರಲ್ಲಿ ಬಾಗಿಲು ಬಿತ್ತು. ಡರ್ಬಿಶೈರ್ 2001ರಲ್ಲಿ ತೀರಿಕೊಂಡಾಗ ಅವರ ಮನೆಯ ಅಟ್ಟದಲ್ಲಿ 267 ಟೇಪುಗಳು ಸಿಕ್ಕವು. ಈಗ ಅವು ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಸುಪರ್ದಿಯಲ್ಲಿವೆ.

ಕಾಗದಕ್ಕೇ ಮಣೆ ಹಾಕುವ ಈ ಬುದ್ಧಿ ಬ್ರಿಟಿಷರಿಗಷ್ಟೇ ಸೀಮಿತವಲ್ಲ. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯೂ ಸಂಗೀತ ಕೃತಿಯೆಂದರೆ ಮುದ್ರಿಸಿದ, ಬರೆದಿಟ್ಟ ಅಥವಾ ಅಂಥ ಲಿಖಿತ ರೂಪಕ್ಕಿಳಿಸಿದ ಸ್ವರಜೋಡಣೆ ಎಂದೇ ಹೇಳುತ್ತಿತ್ತು. ಗುರುವಿನ ಬಾಯಿಂದ ಶಿಷ್ಯನ ಕಿವಿಗೆ ದಾಟುವ ಸಂಗೀತವಿರುವ ದೇಶದಲ್ಲಿ ಇಂಥ ವ್ಯಾಖ್ಯೆ! 1994ರ ತಿದ್ದುಪಡಿ ಅದನ್ನು ಸರಿಪಡಿಸಿತು. ಸ್ವರಲಿಪಿಯಲ್ಲಿ ಬರೆದಿಟ್ಟಿರಲಿ ಬಿಡಲಿ, ಸಂಗೀತ ರಚಿಸಿದವರೇ ಸಂಯೋಜಕರು ಎಂದಿತು. 2012ರ ತಿದ್ದುಪಡಿ ರಾಯಧನದಲ್ಲಿ ಸಂಯೋಜಕರ ಪಾಲನ್ನು ಬರೆಸಿಕೊಂಡು ಕಿತ್ತುಕೊಳ್ಳದಂತೆ ತಡೆಯಿತು.

ಆದರೆ ದುಡ್ಡು ಹಂಚಿಕೆಯಾಗುವುದು ಪರದೆಯ ಮೇಲಿನ ಹೆಸರನ್ನು ನೋಡಿ ಅಲ್ಲ. ಪ್ರತಿ ಕಾರ್ಯಕ್ರಮಕ್ಕೂ ಕ್ಯೂ ಶೀಟ್ ಎಂಬ ಪಟ್ಟಿ ತಯಾರಾಗುತ್ತದೆ. ಯಾವ ಸಂಗೀತ, ಎಷ್ಟು ಸೆಕೆಂಡು, ಸಂಯೋಜಕರು ಯಾರು, ಹಕ್ಕು ಯಾರದ್ದು ಎಂಬುದೆಲ್ಲ ಅದರಲ್ಲಿ ದಾಖಲು. ರಾಯಧನ ಸಂಗ್ರಹಿಸಿ ಹಂಚುವ ಸಂಘಗಳು, ಬ್ರಿಟನ್ನಿನಲ್ಲಿ ಪಿಆರ್‌ಎಸ್, ಇಲ್ಲಿ ಐಪಿಆರ್‌ಎಸ್, ಅದನ್ನು ನೋಡಿಕೊಂಡೇ ಲೆಕ್ಕ ಹಾಕುತ್ತವೆ. ಇಂದಿನ ಧಾರಾವಾಹಿಗಳಲ್ಲಿ ಸಂಗೀತ ಎಲ್ಲಿ ಮುಗಿದು ಸೌಂಡ್ ಡಿಸೈನ್ (ದೃಶ್ಯಕ್ಕೆ ತಕ್ಕ ಸದ್ದುಗಳ ರಚನೆ) ಎಲ್ಲಿ ಶುರುವಾಗುತ್ತದೆಂದು ಹೇಳುವುದು ಎಷ್ಟೋ ಸಲ ಆಗದ ಕೆಲಸ. ಸಂಗೀತವೆಂದು ದಾಖಲಾದ ಸದ್ದಿಗೆ ಪ್ರತಿ ಮರುಪ್ರಸಾರಕ್ಕೂ ಹಣ ಬರುತ್ತದೆ. ಎಫೆಕ್ಟ್ ಎಂದು ಬಿಟ್ಟುಹೋದದ್ದಕ್ಕೆ ಒಮ್ಮೆ ಕೊಟ್ಟ ಸಂಭಾವನೆಯೇ ಕೊನೆ. ಆ ಪಟ್ಟಿಯನ್ನು ಭರ್ತಿ ಮಾಡುವವರು ಸದ್ದು ಕಟ್ಟಿದವರಲ್ಲ, ನಿರ್ಮಾಣ ಸಂಸ್ಥೆಯವರು.