ತಾಳೆಪಟ್ಟಿ: ಎರಡೂ ಕಡೆ ಒಂದೇ ಮೊತ್ತ ಬಂದರೆ ಸಾಕಾ?

ಬಾಗಲಕೋಟೆಯಲ್ಲಿ ಬಿ.ಕಾಂ. ಮೊದಲ ವರ್ಷದ ಹುಡುಗರಿಗೆ ಸಂಜೆ ಹೊತ್ತು ಲೆಕ್ಕ ಹೇಳಿಕೊಡುತ್ತೇನೆ. ದಿನಾ ಕಿವಿಗೆ ಬೀಳುವ ಮಾತು ಒಂದೇ: "ಸರ್, ತಾಳೆ ಆಗವಲ್ದ್ರೀ."

ಈ ತಾಳೆಗೂ ತಾಳೆಮರಕ್ಕೂ ಸಂಬಂಧ ಇಲ್ಲ. ಒಂದಕ್ಕೊಂದು ಹೊಂದುತ್ತದಾ ಅಂತ ನೋಡುವುದೇ ತಾಳೆ ನೋಡುವುದು. ಎಲ್ಲ ಖಾತೆಗಳ ಬಾಕಿಯನ್ನು, ಅಂದರೆ ಕೊನೆಗೆ ಉಳಿದ ಮೊತ್ತವನ್ನು, ಒಂದು ಹಾಳೆಗೆ ಇಳಿಸಿ, ಡೆಬಿಟ್ ಬಾಕಿ (ಕೈಲಿರುವುದು, ಖರ್ಚು, ಬರಬೇಕಾದದ್ದು) ಒಂದು ಕಡೆ, ಕ್ರೆಡಿಟ್ ಬಾಕಿ (ಬಂಡವಾಳ, ಆದಾಯ, ಕೊಡಬೇಕಾದದ್ದು) ಇನ್ನೊಂದು ಕಡೆ ಬರೆದು ಕೂಡಿದರೆ ಅದು ತಾಳೆಪಟ್ಟಿ. ಟ್ರಯಲ್ ಬ್ಯಾಲೆನ್ಸ್ ಅನ್ನುವುದೂ ಇದಕ್ಕೇ. ಅಢಾವೆ ಪತ್ರಿಕೆ (ಬ್ಯಾಲೆನ್ಸ್ ಶೀಟ್) ಬೇರೆ, ಅದು ಇದಾದ ಮೇಲಿನ ಕೆಲಸ. ಪ್ರತಿ ವ್ಯವಹಾರವನ್ನೂ ಒಂದು ಖಾತೆಗೆ ಡೆಬಿಟ್, ಇನ್ನೊಂದಕ್ಕೆ ಕ್ರೆಡಿಟ್ ಅಂತ ಎರಡು ಕಡೆ ಬರೆಯುತ್ತೇವಲ್ಲ, ಹಾಗಾಗಿ ಎರಡೂ ಮೊತ್ತ ಒಂದೇ ಬರಬೇಕು. ವೆನಿಸ್ಸಿನ ವ್ಯಾಪಾರಿಗಳ ಈ ಪದ್ಧತಿ 1494ರಲ್ಲೇ ಅಚ್ಚಾಗಿತ್ತು.

ಗುಳೇದಗುಡ್ಡದಲ್ಲಿ ಒಂದು ಖಣದ ಅಂಗಡಿ ಇದೆ ಅಂದುಕೊಳ್ಳಿ. 50,000 ರೂಪಾಯಿ ಬಂಡವಾಳ. ನಗದು ಕೊಟ್ಟು 20,000ದ ಖಣ ತಂದರು. ನೇಕಾರರಿಂದ 12,000ದ್ದು ಉದ್ರಿ ತಂದರು. ನಗದು ಮಾರಾಟ 15,000, ಉದ್ರಿ ಮಾರಾಟ 5,400. ಅಂಗಡಿ ಬಾಡಿಗೆ 3,000 ಕೊಟ್ಟರು.

ಈಗ ಪಟ್ಟಿ. ಡೆಬಿಟ್ ಕಡೆ: ನಗದು 42,000, ಖರೀದಿ 32,000, ಬಾಡಿಗೆ 3,000, ಉದ್ರಿ ಒಯ್ದ ಗಿರಾಕಿ 5,400. ಕ್ರೆಡಿಟ್ ಕಡೆ: ಬಂಡವಾಳ 50,000, ಮಾರಾಟ 20,400, ನೇಕಾರರಿಗೆ ಕೊಡಬೇಕಾದದ್ದು 12,000. ಎರಡೂ ಕಡೆ 82,400.

ಇದು ಸಲೀಸು. ತಾಳೆ ಆಗದಿದ್ದಾಗಲೇ ಮಜಾ ಇರುವುದು. ಹುಡುಗರು ಸುಮ್ನೆ ಮೊದಲಿನಿಂದ ಮತ್ತೆ ಕೂಡಲು ಕೂರುತ್ತಾರೆ. ನಾನು ಪೆನ್ ಕಸಿದುಕೊಂಡು ಕೇಳುತ್ತೇನೆ, ಎಷ್ಟು ವ್ಯತ್ಯಾಸ ಬಂತು?

ವ್ಯತ್ಯಾಸ 6,000 ಅಂದ ಅನ್ನಿ. ಅದರ ಅರ್ಧ 3,000. ಪಟ್ಟಿಯಲ್ಲಿ 3,000 ಯಾವುದು? ಬಾಡಿಗೆ. ಅದನ್ನು ಕ್ರೆಡಿಟ್ ಕಡೆ ಬರೆದಿದ್ದಾನೆ. ಒಂದು ಕಡೆ 3,000 ಕಡಿಮೆ, ಇನ್ನೊಂದು ಕಡೆ 3,000 ಜಾಸ್ತಿ, ಅದಕ್ಕೇ ದುಪ್ಪಟ್ಟು ತೋರಿಸುತ್ತದೆ. ವ್ಯತ್ಯಾಸ 900 ಬಂದರೆ ಒಂಬತ್ತರಿಂದ ಭಾಗಿಸಿ ನೋಡಿ. ಶೇಷ ಉಳಿಯಲಿಲ್ಲ ಅಲ್ವಾ? ಅಂಕಿ ಹಿಂದುಮುಂದಾಗಿರುವ ಅನುಮಾನ ಇದೆ. 5,400 ಬರೆಯುವಲ್ಲಿ 4,500 ಬರೆದಿದ್ದಾನೆ. ಯಾವುದೇ ಸಂಖ್ಯೆಯ ಅಂಕಿಗಳನ್ನು ಅದಲುಬದಲು ಮಾಡಿದರೂ ವ್ಯತ್ಯಾಸ ಒಂಬತ್ತರ ಮಗ್ಗಿಯಲ್ಲೇ ಬರುತ್ತದೆ. ಇದನ್ನು ಮೊದಲ ಸಲ ತೋರಿಸಿದಾಗ ಹುಡುಗರ ಮುಖ ನೋಡಬೇಕು!

ಏನೂ ಸಿಗದಿದ್ದರೆ ಆ ವ್ಯತ್ಯಾಸವನ್ನು ಸದ್ಯಕ್ಕೆ ಅನಾಮತ್ತು ಖಾತೆಗೆ ಹಾಕಿಡುತ್ತಾರೆ. ತಪ್ಪು ಸಿಕ್ಕ ದಿನ ಅಲ್ಲಿಂದ ತೆಗೆಯಬೇಕು. ನನ್ನ ಹುಡುಗರಿಗೆ ಈ ಖಾತೆ ಬಹಳ ಇಷ್ಟ, ನನಗೆ ಅಷ್ಟಕ್ಕಷ್ಟೇ.

ಆದರೆ ತಾಳೆ ಆಯಿತು ಅಂದ ಮಾತ್ರಕ್ಕೆ ಲೆಕ್ಕ ಸರಿ ಅಂತಲ್ಲ. ಒಬ್ಬ ಗಿರಾಕಿಯ ಉದ್ರಿಯನ್ನು ಇನ್ನೊಬ್ಬರ ಹೆಸರಿಗೆ ಬರೆದರೂ ಪಟ್ಟಿ ತಾಳೆ ಆಗುತ್ತದೆ. ಅಂಗಡಿಗೆ ಕಪಾಟು ತಂದದ್ದನ್ನು ಖರೀದಿಗೆ ಬರೆದರೂ ಆಗುತ್ತದೆ. ವ್ಯವಹಾರವನ್ನೇ ಬರೆಯದಿದ್ದರೆ ಎರಡೂ ಕಡೆ ಇಲ್ಲ, ಪಟ್ಟಿಗೆ ಗೊತ್ತಾಗುವುದಾದರೂ ಹೇಗೆ? ಕಂಪ್ಯೂಟರಿನ ಟ್ಯಾಲಿಯೂ ಇದನ್ನು ಹಿಡಿಯಲಾರದು.

ಕಾಲೇಜು ಮುಗಿಸಿದ ವರ್ಷ ನನ್ನ ಸೋದರಮಾವನ ಅಂಗಡಿಯ ಲೆಕ್ಕ ನಾನೇ ಬರೆದಿದ್ದೆ. ದೀಪಾವಳಿಗೆ ಪುಸ್ತಕ ಪೂಜೆ ಮಾಡುವುದಕ್ಕೆ ಮೊದಲು ತಾಳೆಪಟ್ಟಿ ತೆಗೆದೆ. ರೂಪಾಯಿಗೆ ರೂಪಾಯಿ ಕೂಡಿತ್ತು. ಎಲ್ಲರಿಗೂ ತೋರಿಸಿಕೊಂಡು ತಿರುಗಿದೆ. ಅಷ್ಟರಲ್ಲಿ ಒಬ್ಬ ಅಕ್ಕಾರು ಬಂದು, "ಪಂಚಮಿಗೆ ಒಯ್ದ ಖಣದ ಬಾಕಿ ತಗೋರಿ" ಅಂತ 700 ರೂಪಾಯಿ ಮುಂದಿಟ್ಟರು. ಪುಸ್ತಕ ಹಾಳೆ ಹಾಳೆ ತಿರುವಿ ಹಾಕಿದೆ. ಅವರ ಹೆಸರೇ ಇರಲಿಲ್ಲ. ಮಾವ ರೊಕ್ಕ ಎಣಿಸುತ್ತಾ ನನ್ನ ಕಡೆ ನೋಡಿದರು. "ಪಟ್ಟಿ ತಾಳೆ ಆಗೇತಿ ಅಂದ್ಯಲ್ಲೋ?"